ರೋಲು ಮುಗಿಸಲು ತೆಗೆದ ಚಿತ್ರಗಳು

ಹಳೆಯ ಫೋಟೋಗಳ ಮಾತು ಬಂದರೆ ನಲವತ್ತು ದಾಟಿದವರೆಲ್ಲ ಒಂದೇ ರಾಗ ಎಳೆಯುತ್ತೇವೆ. ಆಗ ಒಂದು ರೋಲಿಗೆ 36 ಚಿತ್ರ. ರೋಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟ್ ಹಾಕಿಸಲು ಮತ್ತೆ ದುಡ್ಡು. ಹಾಗಾಗಿ ಅಳೆದು ತೂಗಿ ತೆಗೆಯುತ್ತಿದ್ದೆವು. ಈಗಿನ ಹುಡುಗರು ಒಂದು ಮಸಾಲೆದೋಸೆಗೆ ಹತ್ತು ಸಲ ಮೊಬೈಲು ಒತ್ತಿ, ಒಂದನ್ನೂ ತಿರುಗಿ ನೋಡುವುದಿಲ್ಲ ಎಂಬುದು ನಮ್ಮ ದೂರು. ಕೇಳಲು ಚೆಂದವೇ. ಆದರೆ ಹದಿಹರೆಯದಲ್ಲಿ ನಾವೇ ತೆಗೆದ ಫೋಟೋಗಳನ್ನು ಪೆಟ್ಟಿಗೆಯಿಂದ ಹೊರಗೆಳೆದು ಸಾಲಾಗಿ ಹರಡಿಟ್ಟರೆ ಈ ವಾದ ನಿಲ್ಲುವುದಿಲ್ಲ. ಅಳೆದು ತೂಗಿ ತೆಗೆದ ಚಿತ್ರಗಳೇ ಅವುಗಳಲ್ಲಿ ಎಲ್ಲಕ್ಕಿಂತ ನೀರಸವಾಗಿರುತ್ತವೆ.

ಅವು ಯಾವುವೆಂದು ಯಾರು ಬೇಕಾದರೂ ಊಹಿಸಬಹುದು. ಕೇಕಿನ ಮುಂದೆ ಚಾಕು ಹಿಡಿದ ತಮ್ಮ, ಗೇಟ್‌ವೇ ಆಫ್ ಇಂಡಿಯಾದ ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಮನೆಮಂದಿ, ಬೇರೆ ಯಾರದೋ ಬೈಕಿಗೆ ಒರಗಿ ನಿಂತ ಗೆಳೆಯ, ಗಣಪತಿಯ ಮಂಟಪದ ಮುಂದೆ ಹೊಸ ಅಂಗಿ. ಡೊಂಬಿವಿಲಿಯ ಮನೆಯ ಆಲ್ಬಮ್ಮನ್ನೂ ದಾವಣಗೆರೆಯ ಮನೆಯ ಆಲ್ಬಮ್ಮನ್ನೂ ಅದಲುಬದಲು ಮಾಡಿದರೆ ಮುಖಗಳು ಬದಲಾದಾವು, ಚಿತ್ರ ಬದಲಾಗದು. ಫಿಲ್ಮು ದುಬಾರಿಯಾಗಿದ್ದುದು ನಮ್ಮನ್ನು ಯೋಚಿಸುವಂತೆ ಮಾಡಿತೆನ್ನುವುದು ಪೂರ್ತಿ ನಿಜವಲ್ಲ. ಎಲ್ಲರೂ ಯೋಚಿಸಿದ್ದನ್ನೇ ಯೋಚಿಸುವಂತೆ ಮಾಡಿತು. ದುಡ್ಡು ಹಾಳಾಗಬಾರದೆಂಬ ಭಯದಲ್ಲಿ ಎಲ್ಲರೂ ಒಪ್ಪಿದ ಭಂಗಿಯನ್ನೇ ತೆಗೆದೆವು.

ಹಾಗಾದರೆ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಬಹುದೆ? ಕೂಡದು. ಅದರಲ್ಲಿ ಬೆಲೆಬಾಳುವಂಥದ್ದು ಇದೆ. ಅದು ನಾವು ಬೆಲೆ ಕೊಟ್ಟ ಜಾಗದಲ್ಲಿಲ್ಲ, ಅಷ್ಟೆ. ನವಿ ಮುಂಬಯಿಯ ಕಳಂಬೋಲಿಯ ಉದಾಹರಣೆಯನ್ನೇ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ನಾನು ಬೆಳೆದದ್ದು ಅಲ್ಲಿ. ಉತ್ತರ ಕನ್ನಡದಿಂದ ಹೋದ ಅಪ್ಪ ಅಲ್ಲಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು. ನನ್ನ ಕೈಗೆ ಬಂದ ಮೊದಲ ಕ್ಯಾಮೆರಾ ಸೋದರಮಾವ ಬಳಸಿ ಬಿಟ್ಟ ಯಾಶಿಕಾ ಎಂಎಫ್-2.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಾಧಾರಣ ಸಂಬಳದವರ ಮನೆಗಳಲ್ಲಿ ಕಾಣುತ್ತಿದ್ದ ಕ್ಯಾಮೆರಾಗಳು ಬೆರಳೆಣಿಕೆಯವು. ಹಳೆಯ ಕಾಲದ ಅಗ್ಫಾ ಕ್ಲಿಕ್-3; ಅದಕ್ಕೆ ಹಾಕುವ 120 ರೋಲಿನಲ್ಲಿ 12 ಚೌಕ ಚಿತ್ರ. ಪುಟ್ಟ ಡಬ್ಬಿಯಂಥ ಹಾಟ್ ಶಾಟ್. ಫ್ಲಾಶ್ ಜೊತೆಗೇ ಇದ್ದ ಯಾಶಿಕಾ. ಆಮೇಲೆ ಬಂದ ಕೊಡಕ್ ಕೆಬಿ-10. ಯಾಶಿಕಾ, ಹಾಟ್ ಶಾಟ್, ಕೆಬಿ-10 ಮೂರರಲ್ಲೂ ಫೋಕಸ್ ಹೊಂದಿಸುವ ಗೊಡವೆಯಿಲ್ಲ. ಲೆನ್ಸನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಕೂರಿಸಿಬಿಟ್ಟಿರುತ್ತಾರೆ. ಬೆಳಕು ಒಳಗೆ ಬರುವ ಕಂಡಿ ಕಿರಿದು. ಇದರ ಪರಿಣಾಮ ಸರಳ: ನಾಲ್ಕೈದು ಹೆಜ್ಜೆ ಆಚೆ ನಿಂತ ಮನುಷ್ಯನಿಂದ ಹಿಡಿದು ಹಿಂದಿನ ಗುಡ್ಡದವರೆಗೆ ಎಲ್ಲವೂ ಸುಮಾರಾಗಿ ಸ್ಪಷ್ಟ. ಮದುವೆ ಫೋಟೋಗ್ರಾಫರನ ದುಬಾರಿ ಲೆನ್ಸು ಮದುಮಗಳ ಮುಖವನ್ನು ಆರಿಸಿಕೊಂಡು ಉಳಿದದ್ದನ್ನು ಮಸುಕು ಮಾಡಬಲ್ಲುದು. ಅಗ್ಗದ ಲೆನ್ಸಿಗೆ ಆ ಆಯ್ಕೆಯೇ ಇಲ್ಲ. ನಾವು ಗೆಳೆಯನನ್ನು ತೆಗೆಯುತ್ತಿದ್ದೇವೆ ಎಂದುಕೊಂಡಾಗ ಅದು ಗೆಳೆಯನ ಹಿಂದಿನ ನೀರಿನ ಟಾಕಿಯನ್ನೂ ಪಕ್ಕದ ಮನೆಯ ಬಟ್ಟೆಹಗ್ಗವನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡುತ್ತಿತ್ತು.

ಇದಕ್ಕೆ ಕೂಡಿಕೊಂಡದ್ದು ರೋಲು ಮುಗಿಸುವ ಅವಸರ. ಗಣೇಶ ಚೌತಿಗೆ ಹಾಕಿದ ರೋಲು ದೀಪಾವಳಿಯವರೆಗೂ ಎಳೆಯುತ್ತಿತ್ತು. ಹಬ್ಬ ಮುಗಿದರೂ ಕೊನೆಯಲ್ಲಿ ನಾಲ್ಕೈದು ಚಿತ್ರ ಉಳಿದಿರುತ್ತಿದ್ದವು. ರೋಲು ಖಾಲಿಯಾಗದೆ ತೊಳೆಸಲು ಕೊಡುವುದೆಂದರೆ ನಷ್ಟ. ಕೊಡದಿದ್ದರೆ ಹಬ್ಬದ ಫೋಟೋ ನೋಡುವಂತಿಲ್ಲ. “ಉಳಿದಿದ್ದು ತೆಗೆದು ಮುಗಿಸಿಬಿಡು ಮಾರಾಯಾ, ತೊಳೀಲಿಕ್ಕೆ ಕೊಡುವಾ” ಎಂದು ಆಯಿ, ನನ್ನ ಅಮ್ಮ, ಅವಸರಿಸುತ್ತಿದ್ದಳು. ಆಗ ತಾರಸಿ ಹತ್ತಿ, ಬಾಗಿಲಲ್ಲಿ ನಿಂತು, ಬೀದಿಗೆ ಇಳಿದು ಕಂಡದ್ದಕ್ಕೆ ಕ್ಲಿಕ್ ಮಾಡುವುದು. ಯಾವ ಸಂದರ್ಭವೂ ಇಲ್ಲದ, ಯಾರೂ ತಲೆ ಬಾಚಿಕೊಳ್ಳದ ಚಿತ್ರಗಳು ಅವು. ತೊಳೆಸಿ ತಂದ ಮೇಲೆ ಯಾರೂ ಅವನ್ನು ಎರಡನೇ ಸಲ ನೋಡಲಿಲ್ಲ. ಎಷ್ಟೋ ಸಲ ಪ್ರಿಂಟೂ ಹಾಕಿಸಲಿಲ್ಲ. ಚೆನ್ನಾಗಿ ಬಂದದ್ದಕ್ಕೆ ಮಾತ್ರ ಪ್ರಿಂಟ್ ಹಾಕಿ ಎಂದು ಸ್ಟುಡಿಯೋದವನಿಗೆ ಮೊದಲೇ ಹೇಳಿರುತ್ತಿದ್ದೆವು. ಆದರೆ ನೆಗೆಟಿವ್‌ನಲ್ಲಿ ಅವು ಉಳಿದವು, ಫಿಲ್ಮಿನಿಂದ ಒಂದು ಚಿತ್ರವನ್ನಷ್ಟೇ ಅಳಿಸಿಹಾಕುವ ಉಪಾಯ ಇರಲಿಲ್ಲವಾದ್ದರಿಂದ.

ಅಂಥ ಒಂದು ನೆಗೆಟಿವ್ ತುಂಡನ್ನು ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಮೊದಲನೆಯದು ತಾರಸಿಯಿಂದ ತೆಗೆದದ್ದು. ಮಳೆ ಬಿಟ್ಟು ಹೆಚ್ಚು ಹೊತ್ತಾಗಿಲ್ಲ. ಹೆದ್ದಾರಿಯ ಬದಿಯಲ್ಲಿ ಕಬ್ಬಿಣದ ಸರಳು ಹೇರಿದ ಲಾರಿಗಳ ಸಾಲು. ಒಂದರ ನಂಬರು ಕೆಎ-25, ಅಂದರೆ ಧಾರವಾಡ-ಹುಬ್ಬಳ್ಳಿಯ ಕಡೆಯದು. ಅದರ ನೆರಳಲ್ಲಿ ಕ್ಲೀನರ್ ಹುಡುಗ ಸ್ಟೌ ಹಚ್ಚಿ ಕುಕ್ಕರುಗಾಲಲ್ಲಿ ಕುಳಿತು ಅನ್ನಕ್ಕಿಟ್ಟಿದ್ದಾನೆ. ಆಚೆ ಅರ್ಧ ಕಟ್ಟಿ ನಿಂತ ಕಟ್ಟಡಗಳು, ನೀರು ನಿಂತ ಬಯಲು, ಅದರಾಚೆ ಮಾಥೇರಾನಿನ ಬೆಟ್ಟಸಾಲು. ಎರಡನೆಯದು ನಮ್ಮದೇ ಬಾಗಿಲು: ಚಪ್ಪಲಿಗಳು, ಸೀಮೆಎಣ್ಣೆಯ ನೀಲಿ ಕ್ಯಾನು, ಕೊಡ ಹೊತ್ತು ಒಳಗೆ ಹೋಗುತ್ತಿರುವ ಆಯಿಯ ಬೆನ್ನು. ಮೂರನೆಯದರಲ್ಲಿ ಇಟ್ಟಿಗೆ ನಿಲ್ಲಿಸಿ ವಿಕೆಟ್ ಮಾಡಿಕೊಂಡ ಹುಡುಗರು. ಅವರ ಹಿಂದೆ ಡ್ರೈವರುಗಳಿಗಾಗಿ ಇದ್ದ ಸಣ್ಣ ಊಟದ ಮನೆಯ ಬೋರ್ಡು, ಮರಾಠಿ ಹಿಂದಿಗಳ ಕೆಳಗೆ ಕೈಬರಹದ ಕನ್ನಡದಲ್ಲಿ ‘ಊಟ ತಯಾರಿದೆ’.

ಇವು ಕಲಾಕೃತಿಗಳಲ್ಲ. ದಿಗಂತ ಓರೆಯಾಗಿದೆ, ಒಂದರಲ್ಲಿ ನನ್ನ ಬೆರಳೂ ಸೇರಿಕೊಂಡಿದೆ. ಆದರೆ ಕಳಂಬೋಲಿಯಲ್ಲಿ ಜನ ಹೇಗೆ ಬದುಕಿದರು ಎಂದು ಯಾರಾದರೂ ಕೇಳಿದರೆ ಗೇಟ್‌ವೇ ಮುಂದಿನ ಫೋಟೋದಿಂದ ಉತ್ತರ ಸಿಗುವುದಿಲ್ಲ, ಇವುಗಳಿಂದ ಸಿಗುತ್ತದೆ.

ಅದಕ್ಕೆ ಕಾರಣ ಆ ಊರಿನ ಇತಿಹಾಸದಲ್ಲೇ ಇದೆ. ನವಿ ಮುಂಬಯಿ ತಾನಾಗಿ ಬೆಳೆದ ಊರಲ್ಲ, ಮೊದಲು ಕಾಗದದ ಮೇಲೆ ಹುಟ್ಟಿದ ಊರು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ ಸೇರಿ ಮುಂಬಯಿಯ ಖಾಡಿಯ, ಅಂದರೆ ಕಡಲ ಚಾಚಿನ, ಆಚೆ ಹೊಸ ನಗರ ಕಟ್ಟಬೇಕೆಂಬ ಪ್ರಸ್ತಾಪವನ್ನು 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಮಂಡಿಸಿದರು. 1970ರ ಮಾರ್ಚಿನಲ್ಲಿ ಆ ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ಸ್ಥಾಪನೆಯಾಯಿತು. 344 ಚದರ ಕಿಲೋಮೀಟರ್ ನೆಲ ಅದರ ಯೋಜನೆಯೊಳಗೆ ಬಂತು. ಮುಂಬಯಿಯ ಬಂದರಿನ ಬದಿಯ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದ ಕಬ್ಬಿಣ-ಉಕ್ಕಿನ ವ್ಯಾಪಾರವನ್ನು ಹೊರಗೆ ಸಾಗಿಸಲು ಆರಿಸಿದ ಜಾಗ ಕಳಂಬೋಲಿ. ಅದರ ಸುತ್ತ ಗೋದಾಮು, ವೇಬ್ರಿಡ್ಜ್, ಲಾರಿ ನಿಲ್ಲುವ ಜಾಗ, ಕಡಿಮೆ ಆದಾಯದವರಿಗೆಂದು ಸಾಲುಮನೆಗಳು ಬಂದವು.

ಈ ಊರಿಗೆ ಕನ್ನಡಿಗರು ಬಂದದ್ದು ಆಕಸ್ಮಿಕವೇನಲ್ಲ. ಬೆಳಗಾವಿ, ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಹೋಗುವ ಆಗಿನ ರಾಷ್ಟ್ರೀಯ ಹೆದ್ದಾರಿ 4 ಇಲ್ಲೇ ಹಾದುಹೋಗುತ್ತದೆ. ಕಾರವಾರ, ಕುಮಟಾ, ಉಡುಪಿ, ಮಂಗಳೂರಿನ ಕರಾವಳಿಗೆ ಇಳಿಯುವ ಆಗಿನ ಹೆದ್ದಾರಿ 17 ಪಕ್ಕದ ಪನ್ವೇಲಿನಿಂದ ಹೊರಡುತ್ತದೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವವರೆಗೆ ಕರಾವಳಿಯವರಿಗೆ ಊರೆಂದರೆ ರಾತ್ರಿ ಬಸ್ಸೇ. ಡ್ರೈವರ್, ಕ್ಲೀನರ್, ಟ್ರಾನ್ಸ್‌ಪೋರ್ಟ್ ಗುಮಾಸ್ತ, ಹೋಟೆಲಿನ ಮಾಣಿ, ತಳೋಜಾದ ಕಾರ್ಖಾನೆಯ ನೌಕರ ಹೀಗೆ ಬಂದವರ ಪಟ್ಟಿ ದೊಡ್ಡದು. ಆದರೆ ಮುಂಬಯಿ ಕನ್ನಡಿಗರ ಬಗ್ಗೆ ಬರೆಯುವಾಗ ಮಾಟುಂಗ, ಫೋರ್ಟ್, ದಾದರುಗಳು ಬಂದಷ್ಟು ಸಲೀಸಾಗಿ ಕಳಂಬೋಲಿ ಬರುವುದಿಲ್ಲ. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿಯವರಿಂದಾಗಿ ಮುಂಬಯಿ ಶಹರಕ್ಕೆ ಕನ್ನಡದಲ್ಲಿ ಒಂದು ಚಹರೆ ಸಿಕ್ಕಿದೆ. ಹೆದ್ದಾರಿಯ ತಿರುವಿನ ಈ ಉಪನಗರಕ್ಕೆ ಆ ಭಾಗ್ಯ ಬಂದಿಲ್ಲ. ಸಿಡ್ಕೊದ ನಕಾಶೆಯಲ್ಲಿ ಸೆಕ್ಟರಿದೆ, ಪ್ಲಾಟ್ ನಂಬರಿದೆ. ಲಾರಿಯ ನೆರಳಲ್ಲಿ ಅನ್ನ ಬೇಯಿಸುವ ಹುಡುಗನಿಲ್ಲ. ಅವನನ್ನು ಹಿಡಿದಿಟ್ಟದ್ದು ರೋಲು ಮುಗಿಸುವ ಆತುರದಲ್ಲಿದ್ದ ಮತ್ತೊಬ್ಬ ಹುಡುಗ.

ಹಿಂದೆ ಕಾಣುವ ನೀರು ನಿಂತ ಬಯಲಿನ ಬಗ್ಗೆಯೂ ಹೇಳಬೇಕು. ನಮ್ಮ ಪಾಲಿಗೆ ಅದು ಖಾಲಿ ಜಾಗ. ಕ್ರಿಕೆಟ್ಟಿನ ಚೆಂಡು ಕಳೆದುಹೋಗುವ ಜಾಗ. ಅದು ಖಾಲಿಯಾಗಿರಲಿಲ್ಲ. ಉತ್ತರ ಕನ್ನಡದ ಗಜನಿಯ ಹಾಗೆ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಭತ್ತ ಬೆಳೆಯುತ್ತಿದ್ದ ಆಗ್ರಿ ರೈತರ, ಖಾಡಿಯಲ್ಲಿ ಮೀನು ಹಿಡಿಯುತ್ತಿದ್ದ ಕೋಳಿ ಸಮುದಾಯದವರ ನೆಲ ಈ ಸೀಮೆಯದು. ಹೊಸ ನಗರಕ್ಕಾಗಿ ಭೂಮಿ ಕಳೆದುಕೊಂಡವರು ದಿ.ಬಾ. ಪಾಟೀಲರ ನೇತೃತ್ವದಲ್ಲಿ ಹೋರಾಡಿದರು. 1984ರ ಜನವರಿಯಲ್ಲಿ ಉರಣ್ ತಾಲೂಕಿನಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ವಶಪಡಿಸಿಕೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ರೈತರಿಗೆ ಹಿಂದಿರುಗಿಸುವ ಯೋಜನೆಯ ಹಿಂದೆ ಇರುವುದು ಆ ಹೋರಾಟ. ನನ್ನ ಹದಿಹರೆಯದ ಚಿತ್ರಗಳ ಹಿನ್ನೆಲೆ ಇನ್ನೊಬ್ಬರ ಬದುಕಿನ ಮುನ್ನೆಲೆಯಾಗಿತ್ತು. ಇದನ್ನು ಅರಿಯದೆ ಹಳೆಯ ಫೋಟೋ ನೋಡಿ ‘ಆಗ ಎಷ್ಟು ಬಯಲಿತ್ತು, ಎಷ್ಟು ಗಾಳಿಯಿತ್ತು’ ಎಂದು ನಿಟ್ಟುಸಿರು ಬಿಡುವುದು ಅರ್ಧ ಸತ್ಯ. ಬಯಲು ಹೋಯಿತೆಂದು ಅಳುವ ಹಕ್ಕು ನಮಗಿಂತ ಮೊದಲು ಅವರಿಗಿದೆ.

ಹಾಗೆಂದು ಫೋಟೋ ಹೇಳುವುದೆಲ್ಲ ಸತ್ಯವೆಂದು ಒಪ್ಪಬೇಕಿಲ್ಲ. ಹಳೆಯ ಆಲ್ಬಮ್ ಕೈಗೆ ಬಂದಾಗ ನೆನಪು ಮರಳಿತು ಎನ್ನುತ್ತೇವಲ್ಲ, ಆ ಮಾತನ್ನೇ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮ್ಯೂಸಿಯಮ್ಮಿನಲ್ಲಿ ಫೋಟೋ ತೆಗೆದ ವಸ್ತುಗಳಿಗಿಂತ ಬರಿಗಣ್ಣಿನಿಂದ ನೋಡಿದ ವಸ್ತುಗಳು ಭಾಗವಹಿಸಿದವರಿಗೆ ಹೆಚ್ಚು ನೆನಪಿದ್ದವು. ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 2002ರಲ್ಲಿ ಇನ್ನೂ ವಿಚಿತ್ರವಾದುದನ್ನು ತೋರಿಸಿದರು. ಬಾಲ್ಯದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿ, ಎಂದೂ ಬಿಸಿಗಾಳಿ ಬಲೂನು ಹತ್ತದವರಿಗೆ ಹತ್ತಿದಂತೆ ತೋರಿಸಿದಾಗ, ಕೆಲವು ಸುತ್ತಿನ ಮಾತುಕತೆಯ ನಂತರ ಸುಮಾರು ಅರ್ಧದಷ್ಟು ಮಂದಿ ಆ ಪ್ರಯಾಣವನ್ನು ಒಂದಿಷ್ಟಾದರೂ ‘ನೆನಪಿಸಿಕೊಂಡರು’. ಅಂದರೆ ಫೋಟೋ ನೆನಪಿನ ಬೀಗದ ಕೈಯೂ ಆಗಬಹುದು, ಕಳ್ಳಗೀಲಿಯೂ ಆಗಬಹುದು. ನಗುವ ಮುಖಗಳ ಆಲ್ಬಮ್ಮನ್ನು ತಿರುವಿ ‘ಎಷ್ಟು ಸುಖವಾಗಿದ್ದೆವು’ ಎನ್ನುವಾಗ ನಾವು ನೆನಪಿಸಿಕೊಳ್ಳುತ್ತಿರುವುದು ಆ ದಿನಗಳನ್ನೋ, ನಗಬೇಕೆಂದು ಹೇಳಿಸಿಕೊಂಡ ಆ ಒಂದು ಗಳಿಗೆಯನ್ನೋ ಎಂದು ಕೇಳಿಕೊಳ್ಳಬೇಕು.

ಆಲ್ಬಮ್ಮಿನಲ್ಲಿ ಇಲ್ಲದವರನ್ನೂ ಎಣಿಸಬೇಕು. ನಮ್ಮ ಓಣಿಯಲ್ಲಿ ಕ್ಯಾಮೆರಾ ಹಿಡಿದವರು ಹುಡುಗರು. ಹುಡುಗಿಯರ ಕೈಗೆ ಅದು ಬಂದದ್ದು ‘ಒಂದು ನಮ್ಮದು ತೆಗಿ’ ಎಂದು ನಾವು ಕೊಟ್ಟಾಗ ಮಾತ್ರ. ಅವರ ಹದಿಹರೆಯದ ಫೋಟೋಗಳು ಮದುವೆಯಾಗಿ ಹೋಗುವಾಗ ತವರಿನ ಕಪಾಟಿನಲ್ಲೇ ಉಳಿದವು. ಕೆಲವನ್ನು, ಪಕ್ಕದಲ್ಲಿ ಯಾರೋ ಹುಡುಗ ನಿಂತಿದ್ದಾನೆಂಬ ಕಾರಣಕ್ಕೆ, ಹರಿದು ಹಾಕಿದ್ದನ್ನೂ ಕಂಡಿದ್ದೇನೆ. ಅಮ್ಮಂದಿರು ಇರುವುದು ಹಬ್ಬದ ದಿನ ರೇಷ್ಮೆ ಸೀರೆಯಲ್ಲಿ. ದಿನವಿಡೀ ನೀರು ಹೊತ್ತವರು, ಸಾಲಿನಲ್ಲಿ ನಿಂತು ಸೀಮೆಎಣ್ಣೆ ತಂದವರು ಅವರೇ ಆದರೂ ಆ ಕೆಲಸ ಫೋಟೋ ತೆಗೆಯುವಂಥದ್ದೆಂದು ಯಾರಿಗೂ ಹೊಳೆಯಲಿಲ್ಲ. ಆಯಿ ನೀರು ತರುವ ಒಂದೇ ಚಿತ್ರ ನನ್ನ ಬಳಿ ಇರುವುದು ರೋಲು ಮುಗಿಸಬೇಕಿತ್ತು ಎಂಬ ಕಾರಣಕ್ಕೆ. ನಾವು ಬೇಕೆಂದು ತೆಗೆದ ಚಿತ್ರಗಳಲ್ಲಿ ನಮ್ಮ ಮರ್ಯಾದೆ, ಆಸೆ, ಪಕ್ಷಪಾತ ಎಲ್ಲ ಕೂಡಿವೆ. ಬೇಕಿಲ್ಲದೆ ತೆಗೆದವುಗಳಲ್ಲಿ ಅವು ಕೊಂಚ ಸಡಿಲಾಗಿವೆ.

ಒಬ್ಬ ನುರಿತ ಛಾಯಾಗ್ರಾಹಕ ಇಂಥ ದಿನಬಳಕೆಯ ಬದುಕನ್ನು ಬೇಕೆಂದೇ ಹುಡುಕಿ ತೆಗೆಯಬಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವಿಡೀ ಮಾಡಿದ್ದು ಅದನ್ನೇ. ಅವರ ಆತ್ಮಕಥನದ ಹೆಸರೂ ‘ಕಾಲಕ್ಕೆ ಕನ್ನಡಿ’. ಆದರೆ ಎಲ್ಲ ಊರಿಗೂ ಒಬ್ಬ ಸತ್ಯನ್ ಸಿಗುವುದಿಲ್ಲ. ಸಿಕ್ಕರೂ ಅವರು ಬಂದು ಹೋಗುವವರು. ಕ್ಯಾಮೆರಾ ಹಿಡಿದ ಹುಡುಗನಿಗೆ ಅವರ ಕಣ್ಣಿಲ್ಲ, ಆದರೆ ಅವನು ಅಲ್ಲೇ ಇರುತ್ತಾನೆ. ಮಂಗಳವಾರ ಮಧ್ಯಾಹ್ನ ಏನೂ ನಡೆಯದಾಗಲೂ ಇರುತ್ತಾನೆ. ಊರಿನ ಚರಿತ್ರೆಗೆ ಈ ಎರಡೂ ಬೇಕು.

ಇಲ್ಲಿ ಒಂದು ಆಕ್ಷೇಪ ಸಹಜ. ಹಿನ್ನೆಲೆಯೇ ಮುಖ್ಯವಾದರೆ ಮೊಬೈಲು ಇನ್ನೂ ಒಳ್ಳೆಯದಲ್ಲವೇ? ಇವತ್ತು ಕಳಂಬೋಲಿಯ ಪ್ರತಿ ಹುಡುಗ, ಪ್ರತಿ ಹುಡುಗಿಯ ಕೈಯಲ್ಲೂ ಕ್ಯಾಮೆರಾ ಇದೆ. ದಿನಾಂಕ, ಸ್ಥಳ ತಾವಾಗಿಯೇ ದಾಖಲಾಗುತ್ತವೆ. ಹುಡುಗಿಯರ ಕೈಗೆ ಕ್ಯಾಮೆರಾ ಬಂದದ್ದು ಸಣ್ಣ ಬದಲಾವಣೆಯಲ್ಲ. ಆ ಒಂದು ಕಾರಣಕ್ಕೇ ನಾನು ಫಿಲ್ಮಿನ ಕಾಲಕ್ಕೆ ಮರಳಲು ಒಪ್ಪುವುದಿಲ್ಲ. ಸಂಖ್ಯೆಯ ಲೆಕ್ಕದಲ್ಲೂ ಮೊಬೈಲಿನದೇ ಗೆಲುವು. ಆದರೆ ಯಂತ್ರದ ಒಲವು ಬೇರೆ ದಿಕ್ಕಿಗಿದೆ. 2016ರ ಐಫೋನ್ 7 ಪ್ಲಸ್‌ನೊಂದಿಗೆ ಮನೆಮಾತಾದ ಪೋರ್ಟ್ರೇಟ್ ಮೋಡ್ ಮುಖವನ್ನು ಉಳಿಸಿ ಹಿಂದಿರುವುದನ್ನು ಮಸುಕಾಗಿಸುತ್ತದೆ. 2021ರಲ್ಲಿ ಗೂಗಲ್ ಪಿಕ್ಸೆಲ್ 6ರಲ್ಲಿ ಬಂದ ಮ್ಯಾಜಿಕ್ ಇರೇಸರ್ ಚಿತ್ರದೊಳಗೆ ಕರೆಯದೆ ಬಂದ ದಾರಿಹೋಕನನ್ನು ಒರೆಸಿಹಾಕುತ್ತದೆ. ಲಾರಿ, ತಂತಿ, ಕಸದ ತೊಟ್ಟಿ, ಬೋರ್ಡು ಎಲ್ಲವೂ ಅದರ ಲೆಕ್ಕದಲ್ಲಿ ಕಲೆಗಳು. ಇವೆಲ್ಲ ಸಾಲದೆಂಬಂತೆ ಜಾಗ ಸಾಲದಾದಾಗ ಮೊದಲು ಅಳಿಸುವುದು ಮುಖವಿಲ್ಲದ ಚಿತ್ರಗಳನ್ನೇ. ಅಗ್ಗದ ಲೆನ್ಸಿಗೆ ಆರಿಸುವ ಶಕ್ತಿ ಇರಲಿಲ್ಲ, ಫಿಲ್ಮಿಗೆ ಅಳಿಸುವ ಶಕ್ತಿ ಇರಲಿಲ್ಲ. ಈ ಎರಡು ಕೊರತೆಗಳೇ ಅವುಗಳನ್ನು ಒಳ್ಳೆಯ ಸಾಕ್ಷಿಗಳನ್ನಾಗಿ ಮಾಡಿದವು. ಈಗ ಎರಡೂ ಶಕ್ತಿ ನಮ್ಮ ಬೆರಳ ತುದಿಗೆ ಬಂದಿವೆ. ನಾವೇ ತಡೆದುಕೊಳ್ಳದಿದ್ದರೆ ಯಂತ್ರ ತಡೆಯುವುದಿಲ್ಲ.

ಉಳಿದಿರುವ ಫಿಲ್ಮುಗಳ ಗತಿ ಏನು ಎಂಬುದು ಮುಂದಿನ ಪ್ರಶ್ನೆ. ಕಪ್ಪು-ಬಿಳುಪು ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ಚೆನ್ನಾಗಿ ತೊಳೆದಿದ್ದರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಕಲರ್ ಫಿಲ್ಮನ್ನು ತೊಳೆಯುವಾಗ ಬೆಳ್ಳಿಯನ್ನೆಲ್ಲ ತೆಗೆದುಹಾಕಿ ಮೂರು ಬಣ್ಣದ ಪದರಗಳನ್ನಷ್ಟೇ ಉಳಿಸುತ್ತಾರೆ. ಆ ಬಣ್ಣಗಳು ಮಾಸುತ್ತವೆ, ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಎಷ್ಟೋ ಹಳೆಯ ಕಲರ್ ಪ್ರಿಂಟುಗಳು ಕೆಂಪಡರಿರುವುದು ಇದೇ ಕಾರಣಕ್ಕೆ. ಬಣ್ಣದ ಪದರವನ್ನು ಹಿಡಿದಿರುವುದು ಜೆಲಟಿನ್. ಮುಂಬಯಿಯ ಮಳೆಗಾಲದ ತೇವದಲ್ಲಿ ಅದು ಬೂಷ್ಟಿಗೆ ಹಬ್ಬದೂಟ. ಅದರ ಮೇಲೆ ನೆರೆಯ ಹೊಡೆತ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ತಗ್ಗಿನಲ್ಲಿರುವ ಕಳಂಬೋಲಿಯೂ ಮುಳುಗಿತು. ನೆಲಮಹಡಿಯವರು ಮಕ್ಕಳನ್ನು, ರೇಷನ್ ಕಾರ್ಡನ್ನು, ಗ್ಯಾಸ್ ಸಿಲಿಂಡರನ್ನು ಮೇಲಕ್ಕೆ ಸಾಗಿಸಿದರು. ಮಂಚದ ಕೆಳಗಿನ ಟ್ರಂಕಿನ ಫೋಟೋಗಳ ನೆನಪು ಬಂದದ್ದು ನೀರು ಇಳಿದ ಮೇಲೆ. ಅಷ್ಟರಲ್ಲಿ ಅವು ಒಂದಕ್ಕೊಂದು ಅಂಟಿ ಗಟ್ಟಿ ಹಲಗೆಯಾಗಿದ್ದವು. ಒದ್ದೆ ಫೋಟೋಗಳನ್ನು ಒಣಗಲು ಬಿಡದೆ, ಶುದ್ಧ ತಣ್ಣೀರಿನಲ್ಲಿ ನಿಧಾನವಾಗಿ ಬಿಡಿಸಿ, ಒಂದೊಂದನ್ನೇ ನೆರಳಲ್ಲಿ ಆರಿಸಿದ್ದರೆ ಹಲವು ಉಳಿಯುತ್ತಿದ್ದವು. ಅದನ್ನು ಹೇಳಿಕೊಡುವವರು ಆಗ ನಮ್ಮಲ್ಲಿ ಇರಲಿಲ್ಲ. 2011ರ ಸುನಾಮಿಯ ನಂತರ ಜಪಾನಿನಲ್ಲಿ ಸ್ವಯಂಸೇವಕರು ಕೆಸರಿನಿಂದ ಹೆಕ್ಕಿದ ಲಕ್ಷಾಂತರ ಫೋಟೋಗಳನ್ನು ಹೀಗೇ ತೊಳೆದು ವಾರಸುದಾರರಿಗೆ ಮರಳಿಸಿದರು. ಮನೆಮಠ ಕಳೆದುಕೊಂಡವರು ಸಾಲುಗಟ್ಟಿ ಬಂದು ಹುಡುಕಿದ್ದು ತಮ್ಮ ಮನೆಯ ಚಿತ್ರಗಳನ್ನು.

ಮನೆಯೊಳಗಿನ ಚಿತ್ರ ಊರಿನ ಆಸ್ತಿಯಾಗಬಲ್ಲದು ಎಂಬುದಕ್ಕೆ ನಿದರ್ಶನಗಳಿವೆ. ಫ್ರಾನ್ಸಿನ ತೊಮಾ ಸೊವಾಂ ಎಂಬವರು 2009ರಿಂದ ಬೀಜಿಂಗಿನ ಹೊರವಲಯದಲ್ಲಿ ಬೆಳ್ಳಿ ತೆಗೆಯಲು ಗುಜರಿಗೆ ಬಂದ ನೆಗೆಟಿವ್‌ಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡು ಲಕ್ಷಾಂತರ ಚಿತ್ರಗಳ ಸಂಗ್ರಹ ಕಟ್ಟಿದರು. ಹೊಸ ಫ್ರಿಜ್ಜಿನ ಪಕ್ಕ ನಿಂತ ಗೃಹಿಣಿಯರು, ಪ್ರವಾಸಿಗರು, ಮದುವೆಗಳು. ಒಂದು ದೇಶ ಬದಲಾದ ಬಗೆ ಆ ಸಾಮಾನ್ಯ ಚಿತ್ರಗಳಲ್ಲಿದೆ. ನಮ್ಮಲ್ಲೇ ಅನುಷಾ ಯಾದವ್ 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಮನೆಮನೆಯ ಫೋಟೋಗಳನ್ನು ಅವುಗಳ ಕಥೆಯೊಂದಿಗೆ ಕೂಡಿಹಾಕುತ್ತಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ‘ಮ್ಯಾಪ್’ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ), ಹೆಸರಲ್ಲೇ ಛಾಯಾಚಿತ್ರವನ್ನು ಕಲೆಯ ಜೊತೆಗೆ ಕೂರಿಸಿಕೊಂಡಿರುವ ವಸ್ತುಸಂಗ್ರಹಾಲಯ.

ಹಂಚುವ ಉತ್ಸಾಹಕ್ಕೆ ಒಂದು ಕಡಿವಾಣವೂ ಬೇಕು. ಹದಿನಾರರ ವಯಸ್ಸಿನ ಗೆಳತಿ ಬಸ್‌ಸ್ಟಾಪಿನಲ್ಲಿ ನಗುತ್ತ ನಿಂತ ಚಿತ್ರ ನನ್ನ ನೆಗೆಟಿವ್‌ನಲ್ಲಿದೆ ಎಂದ ಮಾತ್ರಕ್ಕೆ ಅದು ನನ್ನ ಸ್ವತ್ತಲ್ಲ. ಆಕೆ ಒಪ್ಪಿದ್ದು ಒಂದು ಕ್ಲಿಕ್ಕಿಗೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗಲ್ಲ, ಸಂಘದ ಸ್ಮರಣ ಸಂಚಿಕೆಗೂ ಅಲ್ಲ. ಮುಖ ಗುರುತಾಗುವ ಚಿತ್ರವನ್ನು ಹೊರಗೆ ಹಾಕುವ ಮೊದಲು ಆ ಮುಖದವರನ್ನು ಕೇಳುವುದು ಸೌಜನ್ಯ; ಹುಡುಗಿಯರ ವಿಷಯದಲ್ಲಿ ಅದು ಸೌಜನ್ಯಕ್ಕೂ ಮಿಗಿಲಾದ ಹೊಣೆ. ಅದೃಷ್ಟಕ್ಕೆ ಊರಿನ ಚರಿತ್ರೆಗೆ ಹೆಚ್ಚು ಬೇಕಾದದ್ದು ಮುಖಗಳಲ್ಲ. ಓಣಿ, ಅಂಗಡಿ, ಬೋರ್ಡು, ನೀರಿನ ಸಾಲು, ಬಯಲು ಇವಕ್ಕೆ ಯಾರ ನಾಚಿಕೆಯೂ ಅಂಟಿಕೊಂಡಿಲ್ಲ.

ಮುಂಬಯಿಯ ಕನ್ನಡ ಸಂಸ್ಥೆಗಳಿಗೆ ಇದೊಂದು ಕೆಲಸವಾಗಬೇಕು. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಉಪನಗರಗಳಲ್ಲೆಲ್ಲ ಅವುಗಳ ಕಿರಿಯ ಸೋದರ ಸಂಘಗಳಿವೆ. ಎಲ್ಲರೂ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಾರೆ. ಅದರಲ್ಲಿ ಹಾರ ಹಾಕುವವರು, ಹಾಕಿಸಿಕೊಳ್ಳುವವರ ಚಿತ್ರಗಳೇ ಪುಟಗಟ್ಟಲೆ. ಅಳೆದು ತೂಗಿ ತೆಗೆದ ಆಲ್ಬಮ್ಮಿನ ದೋಷ ಅಲ್ಲೂ ಇದೆ. ಒಂದು ವರ್ಷ ಹಾರಗಳನ್ನು ಬದಿಗಿಟ್ಟು, ಕಲ್ಯಾಣ, ಡೊಂಬಿವಿಲಿ, ಠಾಣೆ, ಕಳಂಬೋಲಿಗಳ ಮನೆಗಳಿಂದ ಹಳೆಯ ನೆಗೆಟಿವ್ ತರಿಸಿ, ಸ್ಕ್ಯಾನ್ ಮಾಡಿಸಿ, ಹಿರಿಯರನ್ನು ಕೂರಿಸಿ ‘ಇದು ಯಾವ ಜಾಗ, ಯಾವ ವರ್ಷ, ಹಿಂದೆ ಕಾಣುವ ಅಂಗಡಿ ಯಾರದು’ ಎಂದು ಕೇಳಿ ಬರೆದುಕೊಳ್ಳಲಿ. 2016ರಲ್ಲಿ ಪನ್ವೇಲ್ ಮಹಾನಗರಪಾಲಿಕೆಯೊಳಗೆ ಸೇರಿದ ಕಳಂಬೋಲಿ ನಮ್ಮ ಕಣ್ಣೆದುರೇ ಮತ್ತೆ ಬದಲಾಗುತ್ತಿದೆ. ಜಾಗವನ್ನು ಗುರುತು ಹಿಡಿಯಬಲ್ಲವರು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದಾರೆ, ಇಲ್ಲವೇ ತೀರಿಕೊಳ್ಳುತ್ತಿದ್ದಾರೆ.

ಓದುವವರಿಗೆ ನನ್ನ ಕೋರಿಕೆ ಇಷ್ಟೆ. ಪ್ರಿಂಟುಗಳಿಗಿಂತ ಮೊದಲು ನೆಗೆಟಿವ್ ಹುಡುಕಿ. ಸ್ಟುಡಿಯೋದವನು ಕೊಟ್ಟ ಲಕೋಟೆಯಲ್ಲಿ ನಾಲ್ಕೋ ಆರೋ ಚಿತ್ರಗಳ ತುಂಡುಗಳಾಗಿ ಅವು ಬಿದ್ದಿರುತ್ತವೆ. ಅಂಚಿನಲ್ಲಿ ಅಚ್ಚಾಗಿರುವ ನಂಬರಿನ ಕ್ರಮದಲ್ಲೇ ಇಡಿ, ಏಕೆಂದರೆ ಯಾವುದರ ಹಿಂದೆ ಯಾವುದು ನಡೆಯಿತು ಎಂಬುದು ಆ ನಂಬರಿನಲ್ಲಷ್ಟೇ ಉಳಿದಿದೆ. ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಿ, ನೆಲದಿಂದ ಎತ್ತರದಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ. ಸ್ಕ್ಯಾನ್ ಮಾಡಿಸುವಾಗ ಚೆನ್ನಾಗಿ ಬಂದದ್ದನ್ನಷ್ಟೇ ಮಾಡಿ ಎಂದು ಹೇಳಬೇಡಿ. ಎಲ್ಲವನ್ನೂ ಮಾಡಿಸಿ, ಕೊನೆಯ ನಾಲ್ಕನ್ನು ತಪ್ಪದೆ ಮಾಡಿಸಿ. ಲಕೋಟೆಯ ಮೇಲೆ ವರ್ಷ, ಜಾಗ, ಹೆಸರು ಕನ್ನಡದಲ್ಲೇ ಬರೆಯಿರಿ. ಬರೆಯದ ಫೋಟೋ ಮುಂದಿನ ತಲೆಮಾರಿಗೆ ಯಾರದೋ ಮನೆಯ ಯಾರೋ ಜನ, ಅಷ್ಟೆ.